ಬರೆದವರು: ಸಂಜೀವಪ್ಪ

೧೮ ಆಗಸ್ಟ್ ೨೦೨೫, ಸೋಮವಾರ

ಜಯಶೀಲ ಹೋದಮೇಲೆ ಅಲಾರಂ ಬೇಕಾಗಿಲ್ಲ. ಮಂಚದ ಆ ಕಡೆ ತಣ್ಣಗಿರುತ್ತದಲ್ಲ, ಅದೇ ಎಬ್ಬಿಸುತ್ತದೆ. ಎದ್ದು ಕಾಫಿ ಹಾಕಿಕೊಂಡು ಬಾಲ್ಕನಿಯ ಬಲಮೂಲೆಯ ಕುರ್ಚಿಯಲ್ಲಿ ಕೂತು ಬ್ಲಾಗು ಓದುವುದು. ಪೇಪರ್ ನಿಲ್ಲಿಸಿಬಿಟ್ಟಿದ್ದೇನೆ. ಪೇಪರಿನಲ್ಲಿ ಎಲ್ಲರೂ ಎಲ್ಲರಿಗೋಸ್ಕರ ಬರೆಯುತ್ತಾರೆ. ಬ್ಲಾಗಿನಲ್ಲಿ ಒಬ್ಬರು ಒಬ್ಬರಿಗೆ ಬರೆದ ಹಾಗಿರುತ್ತದೆ.

ನನ್ನ ಫೇವರಿಟ್ಟು ಮೂರು. ಕೆ.ಆರ್. ಪುರದ ಕಡೆ ಮುಚ್ಚಿಹೋದ ಕೆರೆಗಳ ಬಗ್ಗೆ ಒಬ್ಬ ಎಂಜಿನಿಯರು ಬರೆಯುತ್ತಾನೆ, ಅದು ಒಂದು. ಹಳೇ ಸಿಟಿ ಬಸ್ಸಿನ ಟಿಕೆಟ್ಟು ಫೋಟೋ ಹಾಕಿ ಆ ದಿನ ಎಲ್ಲಿಗೆ ಹೋಗಿದ್ದೆ ಅಂತ ಬರೆಯುವವನೊಬ್ಬ, ಎರಡು. ಮೂರನೆಯದು 'ಮಾಳಿಗಿ ಖೋಲಿ'. ಇದರ ಮುಂದೆ ಉಳಿದೆರಡೂ ಸಪ್ಪೆ. ಹೆಸರು ಹಾಕಿಲ್ಲ, ಹೆಂಗಸು ಅಂತ ಗೊತ್ತಾಗುತ್ತದೆ. ಯಾದಗಿರಿ ಕಡೆಯ ಮಾತು. ಯಾವುದೋ ಮಹಡಿ ಮೇಲೆ ತಗಡಿನ ಒಂದು ರೂಮು, ಹಗಲು ಯಾವುದೋ ಪಿ.ಜಿ.ಯಲ್ಲಿ ಅಡುಗೆ ಕೆಲಸ. ಇವತ್ತು ರೊಟ್ಟಿ ಬಡಿಯುವುದರ ಬಗ್ಗೆ ಬರೆದಿದ್ದಾಳೆ: "ಎಡಗೈ ಭುಜದ ಮ್ಯಾಲೆ ಏಳಂಗಿಲ್ಲ. ಹಂಗಾಗಿ ಬಲಗೈ ಎರಡು ಸಲ ಬಡಿತದ, ಎಡಗೈ ಸುಮ್ನ ತಿರುವಿ ಕೊಡ್ತದ. ರೊಟ್ಟಿಗೇನ್ ಗೊತ್ತಾಗೂದಿಲ್ಲ, ದುಂಡಗೇ ಆಗ್ತದ."

ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ. ಜಯಶೀಲಳಿಗೆ ಸ್ಟ್ರೋಕ್ ಆದಮೇಲೆ ಎಡಗೈ ಹೀಗೇ ಆಗಿತ್ತು. ಬಲಗೈಯಲ್ಲಿ ಅವರೆಕಾಯಿ ಹಿಡಿದು ಹಲ್ಲಲ್ಲಿ ಸಿಪ್ಪೆ ಬಿಡಿಸೋಳು. ನಾನು ಬಿಡಿಸಿಕೊಡ್ತೀನಿ ಅಂತ ಕೈ ಹಾಕಿದರೆ ಆ ಸರಿಯಿರೋ ಕೈಯಲ್ಲೇ ಒಂದು ಏಟು.

ಎಂದಿನಂತೆ ಕಾಪಿ ಮಾಡಿ ಎರಡು ಗ್ರೂಪಿಗೆ ಹಾಕಿದೆ: ಹಲಸೂರು ಕೆರೆ ವಾಕಿಂಗಿನ 'ಮುಂಜಾನೆ ಬಳಗ', ಇನ್ನೊಂದು ಫ್ಯಾಕ್ಟರಿಯ 'ಸ್ಟೋರ್ಸ್ ನಿವೃತ್ತರು'. ಬ್ಲಾಗಿನ ಆ ನೀಲಿ ಲಿಂಕು ನೋಡಲು ಗಲೀಜು, ಅದನ್ನು ತೆಗೆದುಬಿಡುತ್ತೇನೆ. ತಕ್ಷಣ ಜಟ್ಟೆಪ್ಪನ ಉತ್ತರ. ನನ್ನ ಪಕ್ಕದ ಮೇಜಿನಲ್ಲಿ ಇಪ್ಪತ್ತು ವರ್ಷ ಕೂತವನು, ಈಗ ಯಾದಗಿರಿ ಕಡೆಯ ಸ್ವಂತ ಊರು ಶಹಾಪುರದಲ್ಲಿದ್ದಾನೆ. "ಸಂಜೀವಪ್ಪ, ನಮ್ ಕಡಿ ಮಾತು ಇಷ್ಟ್ ಚಂದ ಎಲ್ಲಿ ಕಲ್ತೀಯೋ ಮಾರಾಯ! ಏನ್ ಬರೀತೀ!" ನಾನು ಕೈಮುಗಿಯುವ ಚಿತ್ರ ಹಾಕಿದೆ. ನಾನೇ ಬರೆದೆ ಅಂತ ಹೇಳಲಿಲ್ಲ. ನಾನಲ್ಲ ಅಂತಲೂ ಹೇಳಲಿಲ್ಲ.

೨೪ ಆಗಸ್ಟ್, ಭಾನುವಾರ

ಮಗಳು ಮೋನಿಷಾ ಕಲ್ಯಾಣ ನಗರದಿಂದ ಬಂದಿದ್ದಳು. ಮನೆಯಲ್ಲೇ ಮಾಡಿ ಮಾರುವ ಕೇಕ್ ಒಂದನ್ನು ಫ್ರಿಜ್ಜಿನಲ್ಲಿ ಇಟ್ಟಳು (ಕೆಳಗಿನ ಶೆಲ್ಫು, ಎಡಗಡೆ), ನನ್ನ ಫೋನು ತೆಗೆದುಕೊಂಡು ಏನೋ ಅಪ್ಡೇಟು ಮಾಡುತ್ತಿದ್ದವಳು ನಿಂತುಬಿಟ್ಟಳು.

"ಅಪ್ಪ, ಇದು ನೀವ್ ಬರ್ದಿದ್ದಾ?"

"ಇಲ್ಲಮ್ಮ. ಒಂದು ಬ್ಲಾಗಿದೆ."

"ಮತ್ತೆ ಎಲ್ರೂ ನಿಮ್ಮನ್ನ ಹೊಗಳ್ತಿದಾರೆ, ನೀವು ಕೈಮುಕ್ಕೊಂಡು ಕೂತಿದೀರ?"

"ಹೊಗಳಬೇಡಿ ಅನ್ನೋಕಾಗುತ್ತಾ?"

"ನನ್ನ ಕೇಕಿನ ಫೋಟೋನ ಮಾರತ್ತಹಳ್ಳಿಯೋನ್ಯಾರೋ ಅವನ ಪೇಜಲ್ಲಿ ಹಾಕ್ಕೊಂಡಾಗ, ಪೊಲೀಸ್ ಕಂಪ್ಲೇಂಟ್ ಕೊಡು ಅಂತ ಕುಣಿದೋರು ಯಾರು?"

"ಅದು ಫೋಟೋ. ಇದು ಬರೀ ಮಾತು."

"ಬರೀ ಮಾತಂತೆ! ಯಾರೋ ಪಾಪ ಕೂತ್ಕೊಂಡು ಬರ್ದಿರ್ತಾರೆ. ಮೊದಲು ಅವರನ್ನ ಕೇಳ್ಬೇಕು. ಆಮೇಲೆ ಹೆಸರು ಹಾಕ್ಬೇಕು, ಲಿಂಕ್ ಹಾಕ್ಬೇಕು. ಅಷ್ಟೆ. ಹಾಗೆ ಮಾಡ್ಲಿಲ್ಲ ಅಂದ್ರೆ ಕಾಪಿರೈಟು, ಗೊತ್ತಲ್ಲ? ಸೈಬರ್ ಪೊಲೀಸ್ ಮನೆಗೇ ಬರ್ತಾರೆ."

ಕೊನೆಯ ಮಾತು ನನ್ನನ್ನು ಹೆದರಿಸಲು ಹೇಳಿದ್ದು ಅಂತ ಗೊತ್ತು. ಆದರೂ ಅವಳು ಹೋದಮೇಲೆ ಕಾಲಿಂಗ್ ಬೆಲ್ ಆಯಿತು, ಎದೆ ಧಸಕ್ಕೆಂದಿತು. ಇಸ್ತ್ರಿಯವನು. ಬಿ.ಎ.ಯಲ್ಲಿ ನಮ್ಮ ಇಂಗ್ಲಿಷ್ ಲೆಕ್ಚರರು ಹೇಳುತ್ತಿದ್ದರು, ಫಿಯರ್ ಈಸ್ ಆನ್ ಅಬ್‌ಸ್ಟ್ರಾಕ್ಟ್ ನೌನ್, ನೋಡಲಾಗದು, ಮುಟ್ಟಲಾಗದು ಅಂತ. ಅವರ ಮನೆಗೆ ಯಾರೂ ಬೆಲ್ ಮಾಡಿರಲಿಲ್ಲ ಅಂತ ಕಾಣುತ್ತದೆ.

೨೮ ಆಗಸ್ಟ್, ಗುರುವಾರ

ನಿನ್ನೆ ಗಣಪತಿ ಹಬ್ಬ ಮುಗಿಯಿತು. ಇವತ್ತು ತಪ್ಪು ಸರಿಮಾಡಿದೆ, ಮನಸ್ಸು ಹಗುರ.

ಮಾಡುವುದಾದರೆ ಸರಿಯಾಗಿ ಮಾಡಬೇಕು. ಸ್ಟೋರ್ಸ್‌ನಲ್ಲಿ ಒಂದು ಸಣ್ಣ ಸ್ಕ್ರೂ ಆದರೂ ಎಲ್ಲಿಂದ ಬಂತು, ಯಾವ ರ‍್ಯಾಕು, ಯಾವ ಬಿನ್ನು ಅಂತ ಇಲ್ಲದೆ ನಾನು ಹೊರಗೆ ಕೊಟ್ಟವನಲ್ಲ. ಜಾಗ ಗೊತ್ತಿಲ್ಲದ ಸಾಮಾನು ಇದ್ದೂ ಇಲ್ಲದ ಹಾಗೆ. ಈಕೆಯದು ಹೆಸರಿಲ್ಲ, ಲಿಂಕ್ ಉಂಟು. ಜಾಗ? ಬ್ಲಾಗಿನಲ್ಲಿ ಅಲ್ಲಲ್ಲಿ ಬರುತ್ತದೆ: ಸಂಜೆ ಬನ್ನಿನ ವಾಸನೆ ಬರುವ ಬೇಕರಿ, ಚರ್ಚಿನ ಗಂಟೆ, ಪಕ್ಕದಲ್ಲಿ ನೀಲಿ ನೀರಿನ ಟ್ಯಾಂಕು. ಇದು ನಮ್ಮ ಕಾಕ್ಸ್ ಟೌನೇ! ಹಸನ್ ಅವರ ಬೇಕರಿ ಬಿಟ್ಟರೆ ಸಂಜೆ ಬನ್ನು ಸುಡುವವರು ಈ ಸುತ್ತಿನಲ್ಲಿ ಯಾರೂ ಇಲ್ಲ. ಬೆಳಿಗ್ಗೆ ವಾಕಿಂಗ್ ಮುಗಿಸಿ ಆ ಬೀದಿಗಳನ್ನು ಸುತ್ತಿ ಬಂದೆ. ನೀಲಿ ಟ್ಯಾಂಕು ಬೇಕಾದಷ್ಟಿವೆ. ಒಂದರ ಪಕ್ಕ ಮಾತ್ರ ತಗಡಿನ ರೂಮು, ಹಗ್ಗದ ಮೇಲೆ ಇಳಕಲ್ ಸೀರೆ. ಎಷ್ಟು ಖುಷಿಯಾಯಿತು ಅಂದರೆ ಪತ್ತೇದಾರನ ಹಾಗೆ ಒಬ್ಬನೇ ನಕ್ಕೆ.

ಎರಡೂ ಗ್ರೂಪಿಗೆ ಹಾಕಿದೆ: "ಇದುವರೆಗೆ ನಾನು ಕಳಿಸಿದ ರೊಟ್ಟಿ ಇತ್ಯಾದಿ ಲೇಖನಗಳ ಲೇಖಕಿ 'ಮಾಳಿಗಿ ಖೋಲಿ' ಬ್ಲಾಗಿನವರು. ಲಿಂಕ್ ಕೆಳಗಿದೆ. ಮೂಲ ಯಾದಗಿರಿ ಕಡೆ. ಹೆಮ್ಮೆಯ ವಿಷಯವೆಂದರೆ ಈಗ ನಮ್ಮ ಕಾಕ್ಸ್ ಟೌನ್ ನಿವಾಸಿ, ಬೇಕರಿಯ ಹತ್ತಿರವೇ."

ಪರ್ಮಿಷನ್ ಒಂದು ಬಾಕಿ. ಅದು ಪೋಸ್ಟ್ ಫ್ಯಾಕ್ಟೋ ಸ್ಯಾಂಕ್ಷನ್. ಫ್ಯಾಕ್ಟರಿಯಲ್ಲಿ ಎಲ್ಲ ಹಾಗೇ ತಾನೆ? ಮಾಲು ಮೊದಲು, ಸಹಿ ಆಮೇಲೆ.

ಜಟ್ಟೆಪ್ಪ: "ನಮ್ ಕಡಿ ಹೆಣ್ಮಗಳಾ! ನಾ ನೀನೇ ಬರೀತಿ ಅನಕೊಂಡಿದ್ದೆ, ಕಳ್ಳ! ನಮ್ಮೂರ್ ಗ್ರೂಪಿಗೆಲ್ಲಾ ಹಾಕ್ತೀನಿ ತಡಿ."

೨ ಸೆಪ್ಟೆಂಬರ್, ಮಂಗಳವಾರ

ಸಂತೋಷದ ದಿನ. ಜಟ್ಟೆಪ್ಪನ ಊರ ಗ್ರೂಪಿನಿಂದ ನನ್ನ ನಂಬರು ಹಿಡಿದು ಯಾದಗಿರಿ ಕಡೆಯಿಂದ ಒಬ್ಬರು ಫೋನ್ ಮಾಡಿದ್ದರು. ಹೆಸರು ಲಕ್ಷ್ಮಿಕಾಂತ. ಎಷ್ಟು ವಿನಯ!

"ಸರ್, ನೀವು ಹಾಕಿದ್ದು ನಮ್ಮ ಗ್ರೂಪಿಗೂ ಬಂದದ. ಅಕ್ಕಾರು ಭಾಳ ಚಂದ ಬರ್ದಾರ. ನಮ್ಮ ಸಂಘದಿಂದ ಒಂದು ಸನ್ಮಾನ ಮಾಡಬೇಕಂತ ಮಾಡೀವ್ರಿ. ಬೇಕರಿ ಅಂದ್ರ ಯಾವ ಬೇಕರಿ ರೀ?"

"ಹಸನ್ ಬೇಕರಿ ಅಂದರೆ ಯಾರು ಬೇಕಾದರೂ ತೋರಿಸ್ತಾರೆ."

"ಅಲ್ಲಿಂದ ಮನಿ?"

"ಬಾಯಲ್ಲಿ ಹೇಳಿದರೆ ತಿಳಿಯಲ್ಲ ಸ್ವಾಮಿ, ಸಂದಿಗೊಂದಿ. ನೀವು ಬನ್ನಿ, ನಾನೇ ಕರಕೊಂಡು ಹೋಗಿ ತೋರಿಸ್ತೀನಿ."

"ಐತವಾರ ಬರ್ತೀವಿ ಹಂಗಾರ. ಒಂದು ಮಾತು ಸರ್, ಅಕ್ಕಾರಿಗಿ ಹೇಳಬ್ಯಾಡ್ರಿ. ಸರ್‌ಪ್ರೈಜ್ ಇರಲಿ."

ಭಾನುವಾರ ಬೆಳಿಗ್ಗೆ, ತಿಂಡಿ ಹೊತ್ತಿಗೆ. ನಾನು ಸ್ವಲ್ಪ ಒಳ್ಳೆಯ ಷರಟು ಹಾಕಿಕೊಳ್ಳಬೇಕು. ಬರೆಯುವವರಿಗೆ ಓದುಗನಿಂದ ಒಂದು ಉಪಕಾರ ಆದ ಹಾಗಾಯಿತು. ಪರ್ಮಿಷನ್ ಪತ್ರ ನಾಳೆ ಬರೆದುಬಿಡಬೇಕು, ಭಾನುವಾರದ ಸುದ್ದಿ ಬಿಟ್ಟು.

೩ ಸೆಪ್ಟೆಂಬರ್, ಬುಧವಾರ



ಬೆಳಿಗ್ಗೆ ಬ್ಲಾಗಿನ ಕೆಳಗೆ ಬರೆದೆ, ಕಾಲೇಜಿನಲ್ಲಿ ಕಲಿಸಿದ ಕ್ರಮದಲ್ಲೇ. ರೆಸ್ಪೆಕ್ಟೆಡ್ ಮೇಡಂ, ವಿತ್ ಡ್ಯೂ ರೆಸ್ಪೆಕ್ಟ್ ಐ ಬೆಗ್ ಟು ಸ್ಟೇಟ್, ಅಲ್ಲಿಂದ ಮುಂದೆ ಇಂಗ್ಲಿಷ್ ಕೈಕೊಟ್ಟಿತು, ಕನ್ನಡದಲ್ಲಿ ಮುಂದುವರಿಸಿದೆ: ತಮ್ಮ ಲೇಖನಗಳನ್ನು ಹಂಚಿದ್ದೇನೆ, ಸರಿಯಾದ ಕ್ರೆಡಿಟ್ಟು, ಲಿಂಕು, ತಾವಿರುವ ಸ್ಥಳದ ಸಮೇತ ಕೊಟ್ಟಿದ್ದೇನೆ, ಒಪ್ಪಿಗೆ ಕೊಡಬೇಕು. ಗ್ರೂಪಿಗೆ ಹಾಕಿದ್ದನ್ನೂ ಕೆಳಗೆ ಅಂಟಿಸಿದೆ, ಪಾರದರ್ಶಕವಾಗಿರಲಿ ಅಂತ.

ಅಕ್ಕಿ ತೊಳೆಯುವಷ್ಟರಲ್ಲಿ ಉತ್ತರ.

"ಅಪ್ಪಾರ, ನಿಮ್ಮ ಕಾಲು ಬೀಳ್ತೀನಿ, ಅದನ್ನ ಈಗಿಂದೀಗ ಅಳಸ್ರಿ. ನಾ ಎಲ್ಲಿ ಅದೀನಿ ಅಂತ ನನ್ನ ಗಂಡಗ ತಿಳೀಬಾರದು ಅಂತೇ ಹೆಸರಿಲ್ದಂಗ ಬರೀಲಕತ್ತಿದ್ದೆ. ಹ್ವಾದ ಸಲ ತಿಳಿದಾಗ ಕೈ ಮುರದಾನ. ಈ ಸಲ ಕೈಗೇ ನಿಲ್ಲಂಗಿಲ್ಲ. ಈ ಖೋಲಿ ಬಿಟ್ಟು ನಾ ಎಲ್ಲಿ ಹೋಗ್ಲಿರಿ?"

ನಾನು ಎರಡನೇ ಸಲ ಓದುವಾಗ ಭಾನುವಾರ ನೆನಪಿಗೆ ಬಂತು. ಅಕ್ಕಾರಿಗಿ ಹೇಳಬ್ಯಾಡ್ರಿ. ಸರ್‌ಪ್ರೈಜ್ ಇರಲಿ.

ಒಲೆಯ ಮೇಲೆ ಅನ್ನ ಸೀದುಹೋಯಿತು.

೪ ಸೆಪ್ಟೆಂಬರ್, ಗುರುವಾರ

ಬ್ಲಾಗು ಇಲ್ಲ. ಒತ್ತಿದರೆ ಈ ಪುಟ ಅಸ್ತಿತ್ವದಲ್ಲಿಲ್ಲ ಅನ್ನುತ್ತದೆ. ಭಾನುವಾರ ಬರುವವನ ವಿಷಯ ಅವಳಿಗೆ ತಿಳಿಸಲು ಇದ್ದ ಒಂದೇ ಕಿಟಕಿ ಅದು.

ಗ್ರೂಪಿನಲ್ಲಿ ಹಾಕಿದ್ದನ್ನು ಅಳಿಸಲು ಹೋದೆ. 'ಎಲ್ಲರಿಗೂ ಅಳಿಸು' ಅನ್ನುವುದು ತೋರಿಸುತ್ತಿಲ್ಲ, ದಿನ ಕಳೆದಿದೆಯಂತೆ. 'ನನಗೆ ಮಾತ್ರ ಅಳಿಸು' ಅಂತ ಇದೆ. ನನಗೆ ಮಾತ್ರ ಅಳಿಸಿಕೊಂಡು ಏನು ಮಾಡಲಿ?

ಜಟ್ಟೆಪ್ಪನಿಗೆ ಫೋನ್ ಮಾಡಿ ನಿಮ್ಮೂರ ಗ್ರೂಪಿನಿಂದ ತೆಗಿ ಅಂದೆ. "ಯಾಕೋ? ಅದು ಈಗ ಹನ್ನೆರಡು ಗ್ರೂಪ್ ದಾಟ್ಯದ. ನಮ್ಮ ಅಳಿಯಗ ಬೀದರಿಂದ ತಿರುಗಿ ಬಂದದ!" ಅಂತ ನಗುತ್ತಾನೆ. ಯಾಕೆ ಅಂತ ಅವನಿಗೆ ಹೇಳಲಿಲ್ಲ. ಹೇಳಿದರೆ ಅದೂ ದಾಟುತ್ತದೆ.



೫ ಸೆಪ್ಟೆಂಬರ್, ಶುಕ್ರವಾರ

ಈದ್ ಮಿಲಾದ್. ಕೆರೆ ವಾಕಿಂಗಿನ ಗೆಳೆಯ ಅಕ್ತರ್ ಮನೆಗೆ ಹೋಗಿದ್ದೆ. ಶಿವಾಜಿನಗರದಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದವನು, ಈಗ ಮಗ ಸಾಮಿಯಾಳ ಗಂಡ ನೋಡಿಕೊಳ್ಳುತ್ತಾನೆ. ಗಾಬರಿಯಲ್ಲಿ ಏನು ಬರೆಯುತ್ತಿದ್ದೇನೆ. ಮಗಳು ಸಾಮಿಯಾ, ಅವಳ ಗಂಡ. ಅಕ್ತರ್‌ನದು ಇವತ್ತಿಗೂ ಬಟನ್ ಫೋನು. ಅವನಿಗೆ ಹೇಳಿದ್ದು ಎಲ್ಲಿಗೂ ಹೋಗುವುದಿಲ್ಲ. ಎಲ್ಲ ಹೇಳಿಬಿಟ್ಟೆ.

ಶಾವಿಗೆ ಬಟ್ಟಲು ಕೈಯಲ್ಲೇ ಹಿಡಿದು ಕೇಳಿದ. "ಅರೇ ಸಂಜೀವ, ನಿನಗೆ ಯಾರಪ್ಪ ಹೇಳಿದ್ದು ಅಡ್ರೆಸ್ ಹುಡುಕು ಅಂತ? ಬುರ್ಖಾ ಹಾಕ್ಕೊಂಡೋರ ಮುಖ ಎತ್ತಿ ನೋಡಿ, ಚೆನ್ನಾಗಿದೆ ಅಂತ ಊರಿಗೆಲ್ಲ ಹೇಳ್ದಂಗಾಯ್ತಲ್ಲೋ."

"ಪೊಲೀಸ್?"

"ಹೋಗೋಣ. ಏನಂತೀಯ? ಅವಳ ಹೆಸರು ಗೊತ್ತಾ? ಗಂಡ ಅಲ್ಲಿ ಮಿಸ್ಸಿಂಗ್ ಕಂಪ್ಲೇಂಟ್ ಕೊಟ್ಟಿದ್ರೆ? ಇವರೇ ಹುಡುಕಿ ಅವನ ಕೈಗೆ ಕೊಡ್ತಾರೆ, ಲೇ ಜಾವ್ ಅಂತ."

"ಮನೆಗೆ ಹೋಗಿ ಹೇಳಿಬಿಡಲಾ?"

"ನೀನು ಮೆಟ್ಲು ಹತ್ತೋ ಸದ್ದಿಗೇ ಅವಳು ಆ ಕಡೆಯಿಂದ ಹಾರ್ತಾಳೆ. ಅವನು ಭಾನುವಾರ ಅಂದವನು ಇವತ್ತೇ ಬಂದು ನಿನ್ನ ಹಿಂದೆ ನಿಂತಿದ್ರೆ? ನೀನೇ ದಾರಿ ತೋರಿಸ್ದಂಗೆ."

ಬರುವಾಗ ದಾರಿಯಲ್ಲಿ ಹಿಂದೆ ಹಿಂದೆ ನೋಡಿಕೊಂಡೇ ಬಂದೆ. ನನ್ನನ್ನು ಯಾರಾದರೂ ಏನಾದರೂ ಮಾಡಲಿ. ಆ ಮೆಟ್ಟಿಲು ಯಾರೂ ಹತ್ತಬಾರದು.

೬ ಸೆಪ್ಟೆಂಬರ್, ಶನಿವಾರ

ನಾಳೆ ಬರದೇ ಇರಲಿ ಅಂತ ಹರಕೆ. ಬರದಿದ್ದರೆ ಇನ್ನೂ ಭಯ, ಯಾವತ್ತು ಬರುತ್ತಾನೋ ಗೊತ್ತಾಗುವುದಿಲ್ಲ.

೭ ಸೆಪ್ಟೆಂಬರ್, ಭಾನುವಾರ

ಬಂದು ಹೋದ. ಮಧ್ಯಾಹ್ನ ಆಗಿದೆ, ಬಾಗಿಲಿಗೆ ಚಿಲಕ ಹಾಕಿ ಬರೆಯುತ್ತಿದ್ದೇನೆ. ನಡೆದದ್ದು ನಡೆದ ಹಾಗೇ ಬರೆಯಬೇಕು, ನಾಳೆ ಏನು ಹೇಳಿದ್ದೆ ಅಂತ ನನಗೇ ಬೇಕಾಗುತ್ತದೆ.

ಹಸನ್ ಬೇಕರಿಯ ಮುಂದೆ ಕಾದೆ. ಮಾತಾಡಿಕೊಂಡ ಹಾಗೆ ಅಕ್ತರ್ ಮೊದಲೇ ಬಂದು ಪಕ್ಕದ ಬೆಂಚಿನಲ್ಲಿ ಖಾರಾ ಬನ್ನು ಹಿಡಿದು ಕೂತಿದ್ದ. ಇಬ್ಬರು ಬಂದರು. ಒಬ್ಬ ಬೈಕಿನ ಮೇಲೇ ಉಳಿದ. ಇನ್ನೊಬ್ಬನೇ ಲಕ್ಷ್ಮಿಕಾಂತ, ಬಿಳಿ ಷರಟು, ಜೇಬಲ್ಲಿ ಪೆನ್ನು, ಮೇಷ್ಟರ ಹಾಗೆ. ಕೈಯಲ್ಲಿ ಪ್ಲಾಸ್ಟಿಕ್ ಕವರು, ಒಳಗೆ ಶಾಲು, ಎರಡು ಸೇಬು. ನಿಜವಾಗಿ ಶಾಲು ತಂದಿದ್ದ.

"ಸಂಜೀವಪ್ಪ ಸರ್ ಅಂದ್ರ ನೀವೇನ್ರಿ? ಎಲ್ಲಿ ಅದಾರ್ರಿ ಅಕ್ಕಾರು?"

"ಯಾವ ಅಕ್ಕಾರು?"

"ಬರಿಯೂ ಅಕ್ಕಾರ್ರಿ. ತೋರಸ್ತೀನಿ ಅಂದಿದ್ರಲ್ಲ."

"ತೋರಿಸ್ತಿದೀನಲ್ಲ," ಅಂದೆ. "ನಾನೇ."

ಅವನು ನಗಲಿಲ್ಲ. ಕವರನ್ನು ಮೇಜಿನ ಮೇಲಿಟ್ಟ.

"ಗಂಡಸು ಬರೆದರೆ ಯಾರು ಓದ್ತಾರೆ ಸ್ವಾಮಿ?" ನಾನು ಹೇಳುತ್ತಾ ಹೋದೆ. "ಅಡುಗೆಮನೆ, ರೊಟ್ಟಿ ಅಂತ ಹೆಂಗಸಿನ ಹಾಗೆ ಬರೆದೆ. ನಿಮ್ಮ ಕಡೆಯ ಮಾತು ಜಟ್ಟೆಪ್ಪನಿಂದ ಬಂತು, ಇಪ್ಪತ್ತು ವರ್ಷ ಪಕ್ಕದಲ್ಲಿ ಕೂತಿದ್ದ. ನೀವು ಸನ್ಮಾನ ಅಂದಾಗ ಬಾಯಿ ಬರಲಿಲ್ಲ, ಬನ್ನಿ ಅಂದುಬಿಟ್ಟೆ. ಆಮೇಲೆ ನಾಚಿಕೆಯಾಗಿ ಬ್ಲಾಗೇ ತೆಗೆದುಹಾಕಿದೆ."

"ಮತ್ತ ಲೇಖಕಿ ಕಾಕ್ಸ್ ಟೌನ್ದಾಗ ಅದಾರಂತ ಬರ್ದಿದ್ರಿ?"

"ಬೇರೆ ಯಾರ ವಿಳಾಸ ಹಾಕಲಿ? ನಮ್ಮ ಮನೆ ಇಲ್ಲೇ."

ಪಕ್ಕದ ಬೆಂಚಿನಿಂದ ಅಕ್ತರ್ ಬನ್ನು ಅಗಿಯುತ್ತಲೇ, "ಕ್ಯಾ ಸಾಬ್, ಇವನ್ದಾ? ದಿನಾ ಬೆಳಿಗ್ಗೆ ಕೆರೆ ಸುತ್ತ ಓದಿ ಓದಿ ನಮ್ ತಲೆ ತಿಂತಾನೆ. ಬರಿಯೋದು ನೋಡಿದ್ರೆ ರೊಟ್ಟಿ. ಮನೇಲಿ ನೆಟ್ಟಗೆ ಒಂದು ತವಾ ಇಲ್ಲ" ಅಂದ. ಬೇಕರಿಯ ಹಸನ್‌ಗೆ ಏನೂ ಗೊತ್ತಿಲ್ಲ, ಅವನೂ ನಕ್ಕ. ಆ ನಗು ಚೆನ್ನಾಗಿ ಕೆಲಸ ಮಾಡಿತು.

ನಾನು ಫೋನ್ ತೆಗೆದು ಗ್ರೂಪು ತೋರಿಸಿದೆ. ತಿಂಗಳುಗಟ್ಟಲೆಯದು. ಏನ್ ಬರೀತೀರಿ ಸಂಜೀವಪ್ಪನೋರೆ. ನಮ್ ಕಡಿ ಮಾತು ಎಲ್ಲಿ ಕಲ್ತೀಯೋ. ಪ್ರತಿಯೊಂದರ ಕೆಳಗೂ ನನ್ನ ಕೈಮುಗಿದ ಚಿತ್ರ. ಅವನು ಬೆರಳಲ್ಲಿ ತಳ್ಳುತ್ತಾ ತಳ್ಳುತ್ತಾ ಓದಿದ. ಮೋನಿಷಾ ಬೈದದ್ದು ಇದಕ್ಕೇ. ಇವತ್ತು ಆ ಸುಳ್ಳುಕೈಗಳೇ ನನ್ನನ್ನು ಹಿಡಿದು ನಿಲ್ಲಿಸಿದವು.

ಆಮೇಲೆ ತಲೆಯೆತ್ತಿ ಮೆಲ್ಲಗೆ ಕೇಳಿದ. "ಎಡಗೈ ಏಳಂಗಿಲ್ಲ ಅಂತ ಬರ್ದೀರಿ. ಅದು ಯಾರ ಕೈ ರೀ?"

ಇದಕ್ಕೆ ನಾನೂ ಅಕ್ತರೂ ಉತ್ತರ ತಯಾರು ಮಾಡಿಕೊಂಡಿರಲಿಲ್ಲ.

"ನನ್ನ ಹೆಂಡತಿದು," ಅಂದೆ. "ಸ್ಟ್ರೋಕ್ ಆಗಿತ್ತು. ಒಂದು ವರ್ಷ ಹಾಗೇ ಇದ್ದಳು. ಬಲಗೈಯಲ್ಲಿ ಹಿಡಿದು ಹಲ್ಲಲ್ಲಿ ಅವರೆಕಾಯಿ ಬಿಡಿಸೋಳು. ಮುಟ್ಟೋಕೆ ಬಿಡ್ತಿರಲಿಲ್ಲ ನನ್ನ." ಅಷ್ಟು ಹೇಳುವುದರಲ್ಲಿ ಕಣ್ಣಲ್ಲಿ ನೀರು ಬಂದುಬಿಟ್ಟಿತು, ನಟನೆ ಅಲ್ಲ. ಸತ್ತಾಗಲೂ ಜನರ ಮುಂದೆ ಅತ್ತವನಲ್ಲ ನಾನು. ಅಕ್ತರ್ ಬನ್ನು ತಿನ್ನುವುದು ನಿಲ್ಲಿಸಿದ.

ಲಕ್ಷ್ಮಿಕಾಂತ ಬಹಳ ಹೊತ್ತು ನೋಡಿದ. ಕಣ್ಣೀರು ನಿಜವೋ ಸುಳ್ಳೋ ಅಂತ ತೂಗುವವನ ಹಾಗೆ. ಆಮೇಲೆ ಶಾಲು ಬಿಚ್ಚಿದ.

"ತಂದೀವಿ ಅಂದಮ್ಯಾಗ ಹೊದಸೇ ಹೋಗಬೇಕಲ್ರಿ."

ಹಿಂದಿನಿಂದ ಹೊದಿಸಿದ. ಎರಡೂ ತುದಿ ಮುಂದೆ ತಂದು ಕುತ್ತಿಗೆಯ ಹತ್ತಿರ ಒಂದರ ಮೇಲೊಂದು ಎಳೆದು ಹಿಡಿದ, ಉಸಿರು ಸಿಕ್ಕಿಕೊಳ್ಳುವಷ್ಟು, ಆದರೆ ನೋಡುವವರಿಗೆ ಪ್ರೀತಿಯಿಂದ ಸರಿಪಡಿಸುತ್ತಿದ್ದಾನೆ ಅನ್ನುವ ಹಾಗೆ. ಬೈಕಿನವನು ಇಳಿದು ಬಂದು ಫೋಟೋ ತೆಗೆದ. "ನಗ್ರಿ ಸರ್," ಅಂದ. ಅವನು ಆಡಿದ್ದು ಅದೊಂದೇ ಮಾತು.

"ಎಲ್ಲಾ ಗ್ರೂಪಿಗಿ ಹಾಕ್ತೀನಿ," ಅಂದ ಲಕ್ಷ್ಮಿಕಾಂತ. "ಬರದೋರು ಬ್ಯಾರೆ ಇದ್ರ ಯಾರರ ಎದ್ದು ಹೇಳ್ತಾರ. ಹೌದಲ್ರಿ? ಮತ್ತ ಬರಿಯೂದು ಬಿಡಬ್ಯಾಡ್ರಿ. ನಾ ಓದ್ತಿರ್ತೀನಿ. ಬರೀಲಿಲ್ಲಂದ್ರ ಆರಾಮ್ ಅದಾರೋ ಇಲ್ಲೋ ಅಂತ ನೋಡ್ಲಕ್ಕ ಮತ್ತ ಬರ್ತೀನಿ."

ಹೊರಡುವಾಗ ರಸ್ತೆಯಲ್ಲಿ ನಿಂತು ಮಹಡಿಗಳನ್ನೆಲ್ಲ ಒಂದು ಸುತ್ತು ನೋಡಿದ. ಎಲ್ಲಿ ನೋಡಿದರೂ ನೀಲಿ ಟ್ಯಾಂಕು. ನಾನು ಆ ಒಂದು ದಿಕ್ಕು ಬಿಟ್ಟು ಉಳಿದ ಎಲ್ಲ ಕಡೆ ನೋಡಿದೆ. ಅದೇ ತಪ್ಪಾಯಿತೇನೋ ಅಂತ ಈಗ ಅನಿಸುತ್ತಿದೆ. ಅವನು ಗಮನಿಸಿದನೋ?

೮ ಸೆಪ್ಟೆಂಬರ್, ಸೋಮವಾರ

ಶಿವಾಜಿನಗರದಲ್ಲಿ ಮೇರಿ ಮಾತೆಯ ಹಬ್ಬ, ಜನ ಗುಂಪು ಗುಂಪಾಗಿ ಹೋಗುತ್ತಿದ್ದಾರೆ. ಗುಂಪಿನಲ್ಲಿ ಯಾರು ಬೇಕಾದರೂ ಇರಬಹುದು ಅಂತ ಹಾಲಿಗೂ ಹೋಗಲಿಲ್ಲ.

ಫೋಟೋ ಬಂದಿದೆ. ಜಟ್ಟೆಪ್ಪನ ಊರ ಗ್ರೂಪು, ಅಲ್ಲಿಂದ ಸ್ಟೋರ್ಸ್ ಗ್ರೂಪು, ಅಲ್ಲಿಂದ ಮುಂಜಾನೆ ಬಳಗ. "ಮಾಳಿಗಿ ಖೋಲಿಯ ಲೇಖಕ ಶ್ರೀ ಸಂಜೀವಪ್ಪ ಅವರಿಗೆ ಸನ್ಮಾನ." ಶಾಲಿನೊಳಗೆ ನನ್ನ ಮುಖ ಗಂಟಲಲ್ಲಿ ಬೀಜ ಸಿಕ್ಕಿಕೊಂಡವನ ಹಾಗಿದೆ. ಬಳಗದಲ್ಲಿ ಜಗದೀಶ್ ಬರೆದಿದ್ದಾನೆ, "ಹೋದ ವಾರ ಲೇಖಕಿ, ಈ ವಾರ ಲೇಖಕ. ಆಪರೇಷನ್ ಎಲ್ಲಾಯ್ತು ಗುರುಗಳೇ?" ಹದಿನೈದು ಜನ ನಕ್ಕಿದ್ದಾರೆ.

ಮೋನಿಷಾ ಫೋನು.

"ಶಾಲು ಹೊದ್ಕೊಂಡಿದೀರ."

"ಹೂಂ."

"ಆಯಮ್ಮ ಬರ್ದಿದ್ದಕ್ಕೆ."

"ಹೂಂ."

"ಬರೀ ಹೂಂ ಅಂದ್ರೆ ಏನಪ್ಪಾ? ಹೆಸರು ಹಾಕಿ ಅಂದ್ರೆ ನಿಮ್ ಹೆಸರು ಹಾಕ್ಕೊಂಡ್ರಾ? ನನ್ನ ಫ್ರೆಂಡ್ ಪ್ರಿಯಾ ಆ ಬ್ಲಾಗ್ ಓದ್ತಿದ್ಲು, ನಿಮ್ಮಪ್ಪನಾ ಅಂತ ಕೇಳಿದ್ಲು. ನಾಚಿಕೆ ಆಗುತ್ತೆ ನಂಗೆ."

ನಿಜ ನಾಲಿಗೆ ತುದಿಗೆ ಬಂತು. ನುಂಗಿದೆ. ಇವಳು ಒಳ್ಳೆಯವಳು, ಸತ್ಯ ತಿಳಿದರೆ ಪ್ರಿಯಾಗೆ ಹೇಳುತ್ತಾಳೆ, ನಮ್ಮಪ್ಪ ಕಳ್ಳ ಅಲ್ಲ ಅನ್ನುವುದಕ್ಕೋಸ್ಕರವಾದರೂ ಹೇಳುತ್ತಾಳೆ. ಪ್ರಿಯಾ ಇನ್ನೊಬ್ಬಳಿಗೆ. ಯಾರಿಗೂ ಹೇಳಬೇಡ ಅಂತ ಹೇಳಿಯೇ ಹೇಳುತ್ತಾರೆ. ಫಾರ್ವರ್ಡ್ ಮಾಡುವವರೆಲ್ಲ ಒಳ್ಳೆಯವರೇ.

ಫೋನ್ ಇಟ್ಟಳು. ಜಯಶೀಲ ಇದ್ದಿದ್ದರೆ ಅವಳಿಗೆ ಹೇಳುತ್ತಿದ್ದೆ.

೧೨ ಸೆಪ್ಟೆಂಬರ್, ಶುಕ್ರವಾರ

ಬರೆಯಲೇಬೇಕು. ನಿನ್ನೆ ಲಕ್ಷ್ಮಿಕಾಂತನ ನಂಬರಿನಿಂದ ಮೆಸೇಜು: "ಆರಾಮ್ ಅದೀರಲ್ರಿ ಸರ್? ಏನೂ ಬರ್ದಂಗ ಕಾಣಲ್ಲ."

ಬೆಳಿಗ್ಗೆಯಿಂದ ಕ್ಯಾಲೆಂಡರಿನ ಹಿಂದೆ ಬರೆದು ಬರೆದು ಹೊಡೆದು ಹಾಕಿದೆ. ಪರರ ಮಾತು ಎಷ್ಟು ಸಲೀಸಾಗಿ ಅಂಟಿಸುತ್ತಿದ್ದೆ, ಸ್ವಂತದ್ದು ಒಂದು ಸಾಲು ಬರುವುದಿಲ್ಲ. ಕಾಲೇಜಿನಲ್ಲಿ ಪ್ರೆಸಿ ರೈಟಿಂಗ್ ಅಂತ ಇತ್ತು, ಉದ್ದದ್ದನ್ನು ಮೂರನೇ ಒಂದು ಭಾಗಕ್ಕೆ ಇಳಿಸುವುದು. ಏನೂ ಇಲ್ಲದ್ದನ್ನು ಉದ್ದ ಮಾಡುವುದು ಕಲಿಸಲಿಲ್ಲ. ಕೊನೆಗೆ ಅವರೆಕಾಯಿಯೇ ಬರೆದೆ. ಜಟ್ಟೆಪ್ಪನ ಮಾತಿನಲ್ಲಿ ಬರೆಯಲು ಹೋಗಿ ಆಗಲಿಲ್ಲ. ಇನ್ನು ಮುಂದೆ ನಮ್ಮ ಕಡೆಯ ಮಾತಿನಲ್ಲೇ ಬರೆಯುತ್ತೇನೆ, ವೇಷ ಕಳಚಿದೆ ಅಂತ ಮೇಲೆ ಒಂದು ಸಾಲು ಹಾಕಿದೆ. ಹಲ್ಲಲ್ಲಿ ಸಿಪ್ಪೆ ಬಿಡಿಸುವಾಗ ಆಗುವ ಚಿಟ್ ಅನ್ನುವ ಸದ್ದು, ಕಾಳು ತಟ್ಟೆಗೆ ಬೀಳುವುದು, ನಾನು ಪಕ್ಕದಲ್ಲಿ ಕೈ ಕಟ್ಟಿಕೊಂಡು ಕೂತಿರುವುದು.

ಕೆಳಗೆ ಹಾಕಿದೆ, ಬರೆದವರು: ಸಂಜೀವಪ್ಪ. ಎರಡು ಗ್ರೂಪಿಗೂ ಆ ನಂಬರಿಗೂ ಕಳಿಸಿದೆ.

ಜಗದೀಶ್: "ಇದು ಯಾರ ಮನೆ ಅವರೆಕಾಯಿ ಕದ್ದಿದ್ದು?"

ಆ ನಂಬರಿನಿಂದ ಒಂದು ಹೆಬ್ಬೆರಳಿನ ಚಿತ್ರ. ಅಷ್ಟೆ. ಆ ಹೆಬ್ಬೆರಳನ್ನು ಎಷ್ಟು ಹೊತ್ತು ನೋಡಿದೆನೋ.

೨೧ ಸೆಪ್ಟೆಂಬರ್, ಭಾನುವಾರ, ಮಹಾಲಯ ಅಮಾವಾಸ್ಯೆ

ಜಯಶೀಲಳಿಗೆ ಎಡೆ ಇಡಲು ಮೋನಿಷಾ ಬಂದಿದ್ದಳು. ಪಾಯಸ, ವಡೆ, ಜಯಶೀಲಳ ಹಸಿರು ಸೀರೆ. ಬೇಕಾದ್ದಕ್ಕೆ ಬೇಕಾದಷ್ಟೇ ಮಾತು. ಬೆಲ್ ಆದಾಗ ನಾನು ಬಾಗಿಲ ಕಿಂಡಿಯಲ್ಲಿ ನೋಡದೆ ತೆಗೆಯಲಿಲ್ಲ, ಅದನ್ನು ಅವಳು ನೋಡಿದಳು.

ಎಲೆ ತೆಗೆದಮೇಲೆ ನನ್ನ ಫೋನ್ ಹಿಡಿದು ನನ್ನೆದುರು ಕೂತಳು. ವಾರದಿಂದ ಬರೆದದ್ದೆಲ್ಲ ಓದಿದ್ದಾಳೆ.

"ಅಮ್ಮ ಹಲ್ಲಲ್ಲಿ ಅವರೆಕಾಯಿ ಬಿಡಿಸ್ತಿದ್ದಿದ್ದು ನಮ್ಮಿಬ್ರಿಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ."

ಪಾಯಸದ ಬಟ್ಟಲುಗಳನ್ನು ಒಂದರೊಳಗೊಂದು ಇಟ್ಟೆ.

"ಇದು ನಿಮ್ಮದೇ ಅಪ್ಪ. ಹಿಂಗೆ ಬರಿಯೋಕೆ ಬರೋರು ಅವರದನ್ನ ಯಾಕೆ ನಿಮ್ಮದು ಅಂದ್ರಿ? ಅದೊಂದು ನಂಗೆ ಅರ್ಥಾನೇ ಆಗ್ತಿಲ್ಲ."

"ಆಗದೇ ಇರಲಿ ಬಿಡಮ್ಮ."

ಕೋಪದಲ್ಲಿ ಏಳುತ್ತಾಳೆ ಅಂದುಕೊಂಡೆ. ಏಳಲಿಲ್ಲ. ಸ್ವಲ್ಪ ಹೊತ್ತು ಅಮ್ಮನ ಫೋಟೋ ನೋಡಿದಳು. ಆಮೇಲೆ, "ಇದನ್ನ ನಾನು ನನ್ನ ಪೇಜಲ್ಲಿ ಹಾಕ್ಕೋಬಹುದಾ? ನಿಮ್ಮ ಹೆಸರು ಹಾಕಿ" ಅಂತ ಕೇಳಿದಳು. ಕೇಳಿಯೇ ಹಾಕುತ್ತಿದ್ದಾಳೆ.

"ಹಾಕ್ಕೋ. ಎರಡನೇ ಪ್ಯಾರಾದಲ್ಲಿ ನಮ್ಮ ಬೀದಿ ಹೆಸರಿದೆ, ಅದನ್ನ ತೆಗೆದುಬಿಡು."

"ಯಾಕೆ, ಅದೇ ಚೆನ್ನಾಗಿದೆ."

"ತೆಗೆದುಬಿಡಮ್ಮ."

೩೦ ಸೆಪ್ಟೆಂಬರ್, ಮಂಗಳವಾರ

ಬೆಳಿಗ್ಗೆ ಬೇರೆ ದಾರಿಯಲ್ಲಿ ವಾಕಿಂಗ್ ಹೋಗಿದ್ದೆ. ಒಂದು ಕಡೆ, ಒಂದು ಮನೆಯ ಮೇಲಿನಿಂದ, ರೊಟ್ಟಿ ಬಡಿಯುವ ಸದ್ದು ಬಂತು. ಎರಡು ಬಡಿತ, ಒಂದು ಬಿಡುವು. ಮತ್ತೆ ಎರಡು ಬಡಿತ.

ಹಿಂದಿನಿಂದ ಒಂದು ಬೈಕು ಬರುತ್ತಿತ್ತು. ಬಗ್ಗಿ ಶೂ ಲೇಸು ಕಟ್ಟುವ ಹಾಗೆ ಮಾಡಿದೆ, ಅದು ಮೂಲೆ ತಿರುಗಿ ಹೋಗುವವರೆಗೆ. ಆಮೇಲೆ ಕತ್ತೆತ್ತದೆ ಮುಂದೆ ನಡೆದೆ.

ಕೆರೆ ಹತ್ತಿರ ಅಕ್ತರ್ ಕಾಯುತ್ತಿದ್ದ. ಲೇಟು ಯಾಕೋ, ಏನ್ ಸಮಾಚಾರ ಅಂದ.

ಏನಿಲ್ಲ ಅಂದೆ.